ಬೆಂಚಿನಲ್ಲಿ ಎರಡನೇ ಕ್ವಾರ್ಟರ್‌ಬ್ಯಾಕ್: ಬೇಕೇ, ಬೇಡವೇ?

ಡ್ರಾಫ್ಟ್ ದಿನಗಳು, ಅಂದರೆ ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ ದಿನಗಳು, ಹತ್ತಿರವಾಗುತ್ತಿವೆ. ಫ್ಯಾಂಟಸಿ ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗಿನ ನಿಜ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟಿ, ಅವರ ಆಟಕ್ಕೆ ತಕ್ಕಂತೆ ಅಂಕ ಪಡೆಯುವ ಆಟ) ಆಡುವ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ವಿಷಯದ ಸುತ್ತ ಇವೆ. ಒಬ್ಬ ಒಳ್ಳೆಯ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ತಂಡದ ಆಟ ನಡೆಸುವವನು) ಸಿಕ್ಕ ಮೇಲೆ ಇನ್ನೊಬ್ಬನಿಗಾಗಿ ಡ್ರಾಫ್ಟ್‌ನ ಒಂದು ಸುತ್ತು ಖರ್ಚು ಮಾಡಬೇಕೇ? ಹಾಗಾಗಿ ಈ ಕಂತನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮದು 12 ತಂಡಗಳ ಲೀಗ್, 16 ಸುತ್ತುಗಳ ಡ್ರಾಫ್ಟ್. ವಾರಕ್ಕೆ ಒಬ್ಬನೇ ಕ್ವಾರ್ಟರ್‌ಬ್ಯಾಕ್ ಆಡಿಸಬೇಕು, ಬೆಂಚಿನಲ್ಲಿ ಏಳು ಜಾಗ. ನಾಲ್ಕನೇ ಸುತ್ತಿನಲ್ಲಿ ಒಬ್ಬ ಅಗ್ರ ಕ್ವಾರ್ಟರ್‌ಬ್ಯಾಕ್‌ನನ್ನು ತೆಗೆದುಕೊಳ್ಳುವ ಯೋಚನೆ ಇದೆ. ಹತ್ತನೇ ಅಥವಾ ಹನ್ನೊಂದನೇ ಸುತ್ತಿನಲ್ಲಿ ಎರಡನೆಯವನನ್ನೂ ತೆಗೆದುಕೊಳ್ಳಲೇ?

ಉತ್ತರ: ಬೇಡ. ಕಾರಣ ತಿಳಿಯಲು ಸ್ವಲ್ಪ ಲೆಕ್ಕ ಹಾಕೋಣ.

ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ, ಅಂದರೆ ಪಂದ್ಯ ಆರಂಭಿಸುವ ಕ್ವಾರ್ಟರ್‌ಬ್ಯಾಕ್‌ಗಳೂ 32. ನಿಮ್ಮ ಲೀಗಿನ ಹನ್ನೆರಡು ಮಂದಿ ಒಬ್ಬೊಬ್ಬರನ್ನೇ ಇಟ್ಟುಕೊಂಡರೆ 20 ಮಂದಿ ಹೊರಗೆ ಉಳಿಯುತ್ತಾರೆ. ಒಂದೇ ವಾರ ಆರು ತಂಡಗಳಿಗೆ ಬಿಡುವು (ಪಂದ್ಯವಿಲ್ಲದ ವಾರ) ಬಂದು, ಆ ಆರೂ ಮಂದಿ ಹೊರಗಿರುವವರೇ ಆದರೂ 14 ಮಂದಿ ಕೈಗೆ ಸಿಗುತ್ತಾರೆ. ಲೀಗಿನ ಅರ್ಧದಷ್ಟು ಮಂದಿ ಇಬ್ಬಿಬ್ಬರನ್ನು ಇಟ್ಟುಕೊಂಡರು ಎನ್ನೋಣ. ಆಗ ಹೊರಗೆ 14, ತೀರಾ ಕೆಟ್ಟ ವಾರದಲ್ಲಿ ಎಂಟು. ಆ ಎಂಟರಲ್ಲಿ ದುರ್ಬಲ ಡಿಫೆನ್ಸ್ ಎದುರು ಆಡುವವನು ಒಬ್ಬನಾದರೂ ಇದ್ದೇ ಇರುತ್ತಾನೆ.

ಈಗ ಬೆಂಚಿನ ಕಡೆ ನೋಡಿ. ಸಾಮಾನ್ಯ ಲೀಗ್ 17 ವಾರ ನಡೆಯುತ್ತದೆ. ನಿಮ್ಮ ಮೊದಲ ಕ್ವಾರ್ಟರ್‌ಬ್ಯಾಕ್‌ಗೆ ಬಿಡುವು ಬರುವುದು ಒಂದೇ ವಾರ. ಅವನು ಆರೋಗ್ಯವಾಗಿದ್ದರೆ ಎರಡನೆಯವನು ಉಳಿದ ಹದಿನಾರು ವಾರ ಬೆಂಚಿನಲ್ಲೇ ಕೂರುತ್ತಾನೆ. ಅವನು 30 ಅಂಕ ಗಳಿಸಿದರೂ ಅದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಅಥವಾ ಪಾಸ್ ಹಿಡಿಯುವ ವೈಡ್ ರಿಸೀವರ್ ವಿಷಯ ಹಾಗಲ್ಲ. ಅವರಿಗೆ ತಮ್ಮ ಎರಡು ಜಾಗಗಳ ಜೊತೆ ಫ್ಲೆಕ್ಸ್ (ಇವರಲ್ಲಿ ಯಾರನ್ನಾದರೂ ಆಡಿಸಬಹುದಾದ ಜಾಗ) ಕೂಡ ಇದೆ. ಎನ್‌ಎಫ್‌ಎಲ್ ತಂಡದಲ್ಲಿ ಮೇಲಿರುವವನಿಗೆ ಗಾಯವಾಗಿ ನಿಮ್ಮ ಬೆಂಚಿನ ರನ್ನಿಂಗ್ ಬ್ಯಾಕ್‌ಗೆ ಪೂರ್ತಿ ಕೆಲಸ ಸಿಕ್ಕರೆ ಮರುವಾರವೇ ಅವನನ್ನು ಆಡಿಸಬಹುದು.

2023ರ ಮೊದಲ ವಾರವನ್ನು ನೆನಪಿಸಿಕೊಳ್ಳಿ. ಲಾಸ್ ಏಂಜಲೀಸ್ ರಾಮ್ಸ್ ತಂಡದ ಪೂಕಾ ನಕೂವಾ ಮತ್ತು ಕೈರನ್ ವಿಲಿಯಮ್ಸ್ ಇಬ್ಬರೂ ಹೆಚ್ಚಿನ ಲೀಗ್‌ಗಳಲ್ಲಿ ಡ್ರಾಫ್ಟ್ ಆಗದೆ ಉಳಿದಿದ್ದರು. ನಕೂವಾ 105 ಕ್ಯಾಚ್, 1,486 ಯಾರ್ಡ್ ಗಳಿಸಿ ಹೊಸಬರ ದಾಖಲೆ ಬರೆದರು. ವಿಲಿಯಮ್ಸ್ 12 ಪಂದ್ಯಗಳಲ್ಲಿ 1,144 ಯಾರ್ಡ್ ಓಡಿದರು. ಇಂಥವರನ್ನು ಮೊದಲ ವಾರದ ವೇವರ್‌ನಲ್ಲಿ (ಯಾರ ಬಳಿಯೂ ಇಲ್ಲದ ಆಟಗಾರರನ್ನು ಋತುವಿನ ನಡುವೆ ಪಡೆಯುವ ವ್ಯವಸ್ಥೆ) ಹಿಡಿಯಬೇಕಾದರೆ ಯಾರನ್ನಾದರೂ ಬಿಡಬೇಕು. ಎರಡನೇ ಕ್ವಾರ್ಟರ್‌ಬ್ಯಾಕ್ ಇದ್ದವರು ಸಾಮಾನ್ಯವಾಗಿ ಬಿಡುವುದು ಅವನನ್ನೇ. ಹತ್ತು ದಿನದಲ್ಲಿ ಬಿಡಬೇಕಾದವನಿಗೆ ಹತ್ತನೇ ಸುತ್ತನ್ನು ಏಕೆ ಕೊಡಬೇಕು? ಆ ಸುತ್ತಿನಲ್ಲಿ ಒಬ್ಬ ಮೀಸಲು ರನ್ನಿಂಗ್ ಬ್ಯಾಕ್‌ನನ್ನು ತೆಗೆದುಕೊಳ್ಳಿ.

ಪ್ರಶ್ನೆ: ಮೊದಲ ವಾರವೇ ಗಾಯವಾದರೆ? ಆರನ್ ರಾಜರ್ಸ್ ಅವರನ್ನು ನಂಬಿದವರ ಗತಿ ನೋಡಿದ್ದೇವಲ್ಲ.

ಉತ್ತರ: 2023ರ ಸೆಪ್ಟೆಂಬರ್ 11ರಂದು ಜೆಟ್ಸ್ ಪರ ತಮ್ಮ ನಾಲ್ಕನೇ ಸ್ನ್ಯಾಪ್‌ನಲ್ಲೇ (ಚೆಂಡನ್ನು ಆಟಕ್ಕೆ ಬಿಡುವ ಸರದಿ) ರಾಜರ್ಸ್ ಅವರ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಅದೇ ವರ್ಷ ಎಂಟನೇ ವಾರ ಕರ್ಕ್ ಕಸಿನ್ಸ್, ಹನ್ನೊಂದನೇ ವಾರ ಜೋ ಬರೋ ಋತುವಿನಿಂದಲೇ ಹೊರಬಿದ್ದರು. ಭಯಕ್ಕೆ ಕಾರಣವಿದೆ, ನಿಜ. ಆದರೆ ಅದಕ್ಕೆ ಮದ್ದು ಆಗಸ್ಟ್ ತಿಂಗಳಲ್ಲಿ ಸಿಗುವುದಿಲ್ಲ.

ಅದೇ 2023ರಲ್ಲಿ ಅನೇಕ ಲೀಗ್‌ಗಳಲ್ಲಿ ಯಾರೂ ಡ್ರಾಫ್ಟ್ ಮಾಡದಿದ್ದ ಹೊಸಬ ಸಿ.ಜೆ. ಸ್ಟ್ರೌಡ್ 4,108 ಯಾರ್ಡ್, 23 ಟಚ್‌ಡೌನ್ (ಎದುರಾಳಿಯ ಕೊನೆಗೆರೆ ದಾಟಿ ಅಂಕ ತಂದ ಪಾಸ್) ಎಸೆದರು. ಕೊಟ್ಟ ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್) ಐದೇ. ಜೋ ಫ್ಲಾಕೊ ಡ್ರಾಫ್ಟ್ ಹೊತ್ತಿಗೆ ಯಾವ ತಂಡದಲ್ಲೂ ಇರಲಿಲ್ಲ. ನವೆಂಬರ್‌ನಲ್ಲಿ ಬ್ರೌನ್ಸ್ ಸೇರಿ ಐದು ಪಂದ್ಯಗಳಲ್ಲಿ 13 ಟಚ್‌ಡೌನ್ ಎಸೆದರು. ಅದಕ್ಕೂ ಹಿಂದಿನ ವರ್ಷ ಜೀನೊ ಸ್ಮಿತ್ 30 ಟಚ್‌ಡೌನ್ ಎಸೆದಾಗಲೂ ಡ್ರಾಫ್ಟ್‌ನಲ್ಲಿ ಅವರನ್ನು ಹೆಚ್ಚಿನವರು ಕಣ್ಣೆತ್ತಿ ನೋಡಿರಲಿಲ್ಲ. ಋತುವಿನ ನಡುವೆ ಸಿಗುವ ಕ್ವಾರ್ಟರ್‌ಬ್ಯಾಕ್ ಬಗ್ಗೆ ಆ ಹೊತ್ತಿಗೆ ನಿಮ್ಮ ಕೈಯಲ್ಲಿ ನಾಲ್ಕಾರು ಪಂದ್ಯಗಳ ಆಧಾರ ಇರುತ್ತದೆ. ಆಗಸ್ಟ್‌ನಲ್ಲಿ ಆರಿಸಿದ ಹದಿನಾರನೇ ಕ್ರಮಾಂಕದವನ ಬಗ್ಗೆ ಇರುವುದು ಊಹೆ ಮಾತ್ರ.

ಗಾಯವಾದ ದಿನ ಮಾಡಬೇಕಾದದ್ದು ಇಷ್ಟು. ನಿಮ್ಮ ಲೀಗಿನಲ್ಲಿ ಐಆರ್ ಜಾಗ (ಗಾಯಾಳುಗಳಿಗೆ ಮೀಸಲಾದ ಜಾಗ) ಇದೆಯೇ ನೋಡಿ. ಆಟಗಾರನನ್ನು ತಂಡ ಅಧಿಕೃತವಾಗಿ ಗಾಯಾಳುಗಳ ಪಟ್ಟಿಗೆ ಸೇರಿಸಿದರೆ ಅವನು ಕನಿಷ್ಠ ನಾಲ್ಕು ಪಂದ್ಯ ಹೊರಗುಳಿಯಲೇಬೇಕು. ಅವನನ್ನು ಆ ಜಾಗಕ್ಕೆ ಸರಿಸಿದರೆ ಯಾರನ್ನೂ ಬಿಡದೆ ಬದಲಿ ತರಬಹುದು. ವೇವರ್‌ಗೆ 100 ಡಾಲರ್‌ಗಳ ಕಾಲ್ಪನಿಕ ಬಜೆಟ್ ಇರುವ ಲೀಗ್ ಆದರೆ ಸಾಧಾರಣ ಕ್ವಾರ್ಟರ್‌ಬ್ಯಾಕ್‌ಗೆ ಐದಾರು ಡಾಲರ್ ಸಾಕು. ಓಡಬಲ್ಲ ಹೊಸಬನಾದರೆ 15ರಿಂದ 20 ಹಾಕಿದರೂ ನಷ್ಟವಿಲ್ಲ. ಗಾಬರಿಯಲ್ಲಿ ಅರ್ಧ ಬಜೆಟ್ ಸುರಿಯುವವರು ಅಕ್ಟೋಬರ್‌ನಲ್ಲಿ ಒಳ್ಳೆಯ ರನ್ನಿಂಗ್ ಬ್ಯಾಕ್ ಬಂದಾಗ ಬರಿಗೈಯಲ್ಲಿ ಕೂರುತ್ತಾರೆ.

ಪ್ರಶ್ನೆ: ನಾನು ಕ್ವಾರ್ಟರ್‌ಬ್ಯಾಕ್‌ನನ್ನು ಹತ್ತನೇ ಸುತ್ತಿನ ನಂತರವೇ ತೆಗೆದುಕೊಳ್ಳುವವನು. ನನಗೂ ಒಬ್ಬನೇ ಸಾಕೇ?

ಉತ್ತರ: ನಿಮಗೆ ಇಬ್ಬರು ಸರಿ. ಆದರೆ ಇಬ್ಬರಲ್ಲಿ ಒಬ್ಬ ಬ್ಯಾಕಪ್ ಎಂದುಕೊಳ್ಳಬೇಡಿ. ಮೊದಲ ಮೂರು ನಾಲ್ಕು ವಾರ ಇಬ್ಬರನ್ನೂ ಪರೀಕ್ಷಿಸಿ, ಒಬ್ಬನನ್ನು ಉಳಿಸಿಕೊಂಡು ಇನ್ನೊಬ್ಬನನ್ನು ಬಿಡುವ ಯೋಜನೆ ಇದು.

ಇಬ್ಬರೂ ಒಂದೇ ಬಗೆಯವರಾದರೆ ಪ್ರಯೋಜನವಿಲ್ಲ. ಸಾಮಾನ್ಯ ಅಂಕ ಪದ್ಧತಿಯಲ್ಲಿ 25 ಪಾಸಿಂಗ್ ಯಾರ್ಡ್‌ಗೆ 1 ಅಂಕ, ಪಾಸಿಂಗ್ ಟಚ್‌ಡೌನ್‌ಗೆ 4, ಇಂಟರ್‌ಸೆಪ್ಷನ್‌ಗೆ 2 ಕಡಿತ, 10 ಯಾರ್ಡ್ ಓಟಕ್ಕೆ 1, ಓಡಿ ಗಳಿಸಿದ ಟಚ್‌ಡೌನ್‌ಗೆ 6. ನಿಂತಲ್ಲೇ ಎಸೆಯುವವನು 260 ಯಾರ್ಡ್, ಎರಡು ಟಚ್‌ಡೌನ್, ಒಂದು ಇಂಟರ್‌ಸೆಪ್ಷನ್, 5 ಯಾರ್ಡ್ ಓಟದೊಂದಿಗೆ ಪಂದ್ಯ ಮುಗಿಸಿದರೆ 16.9 ಅಂಕ. ಓಡುವವನು ಬರೀ 190 ಯಾರ್ಡ್, ಒಂದು ಟಚ್‌ಡೌನ್, ಒಂದು ಇಂಟರ್‌ಸೆಪ್ಷನ್ ಎಸೆದು, 55 ಯಾರ್ಡ್ ಓಡಿದರೆ 15.1. ಅಂದರೆ ಎಸೆತದಲ್ಲಿ ಅಷ್ಟು ಹಿಂದುಳಿದರೂ ಅಂತರ ಎರಡು ಅಂಕಕ್ಕಿಂತ ಕಡಿಮೆ. ಅದರ ಮೇಲೆ ಒಂದು ಸಲ ಓಡಿ ಗೆರೆ ದಾಟಿದನೋ, 21.1. ಜಾಶ್ ಆಲೆನ್ 2024ರಲ್ಲಿ 531 ಯಾರ್ಡ್ ಓಡಿ 12 ಟಚ್‌ಡೌನ್ ಗಳಿಸಿದರು. ಕಾಲಿನಿಂದಲೇ ಸುಮಾರು 125 ಅಂಕ! ಎಸೆತದಿಂದ ಅಷ್ಟು ಅಂಕ ತರಲು 31 ಟಚ್‌ಡೌನ್ ಬೇಕು.

ಹಾಗಾಗಿ ಜೋಡಿ ಮಾಡುವಾಗ ಒಬ್ಬ ಸ್ಥಿರವಾಗಿ ಎಸೆಯುವ ಅನುಭವಿ ಇರಲಿ, ಇನ್ನೊಬ್ಬ ಓಡುವ ಯುವಕ ಇರಲಿ. ಮೊದಲ ನಾಲ್ಕು ವಾರದ ಎದುರಾಳಿಗಳನ್ನು ಡ್ರಾಫ್ಟ್‌ಗೆ ಮುಂಚೆಯೇ ಬರೆದಿಟ್ಟುಕೊಳ್ಳಿ. ಇಬ್ಬರ ಬಿಡುವಿನ ವಾರ ಒಂದೇ ಆಗಿದ್ದರೂ ತಲೆಕೆಡಿಸಿಕೊಳ್ಳಬೇಡಿ, ಆ ಹೊತ್ತಿಗೆ ಒಬ್ಬನೇ ಉಳಿದಿರುತ್ತಾನೆ. ಇಲ್ಲಿ ಜನ ಎಡವುವುದು ಐದನೇ ವಾರ ಬಂದರೂ ಯಾರನ್ನೂ ಬಿಡದೆ, ಪ್ರತಿ ಭಾನುವಾರ ಇವನೋ ಅವನೋ ಎಂದು ಒದ್ದಾಡುವುದರಲ್ಲಿ. ಒಂದೇ ಮಟ್ಟದ ಇಬ್ಬರ ನಡುವೆ ವಾರವಾರವೂ ಸರಿಯಾಗಿ ಆರಿಸುವುದು ಬಲ್ಲವರಿಗೂ ಕಷ್ಟ. ಬೆಂಚಿನ ಜಾಗವೂ ಹೋಯಿತು, ಅಂಕವೂ ಬೆಂಚಿನಲ್ಲೇ ಉಳಿಯಿತು ಎಂದಾಗುತ್ತದೆ.

ಪ್ರಶ್ನೆ: ಬಿಡುವಿನ ವಾರಕ್ಕೆ ಹೊರಗಿನಿಂದ ಒಬ್ಬನನ್ನು ತರಬೇಕಾದರೆ ಹೇಗೆ ಆರಿಸುವುದು?

ಉತ್ತರ: ಬಿಡುವಿಗೆ ಒಂದು ವಾರ ಮೊದಲೇ ತನ್ನಿ. ಅದೇ ವಾರದ ವೇವರ್‌ಗೆ ಕಾದರೆ ನಿಮ್ಮಂತೆಯೇ ಬಿಡುವಿನಲ್ಲಿರುವ ಇನ್ನಿಬ್ಬರು ಮೂವರೊಂದಿಗೆ ಪೈಪೋಟಿಗೆ ಬೀಳುತ್ತೀರಿ.

ಆರಿಸಲು ಮೊದಲು ನೋಡಬೇಕಾದದ್ದು ಆ ತಂಡ ಎಷ್ಟು ಅಂಕ ಗಳಿಸಬಹುದೆಂಬ ಬೆಟ್ಟಿಂಗ್ ಅಂದಾಜು. ಬಾಜಿ ಕಟ್ಟುವ ಅಗತ್ಯವಿಲ್ಲ, ಸಂಖ್ಯೆ ಸಾಕು. ಪಂದ್ಯದ ಒಟ್ಟು ಅಂದಾಜು 48, ಒಂದು ತಂಡಕ್ಕೆ 4 ಅಂಕಗಳ ಮೇಲುಗೈ ಎಂದಿದ್ದರೆ, 48ರ ಅರ್ಧ 24, ಅದಕ್ಕೆ 4ರ ಅರ್ಧ ಸೇರಿಸಿದರೆ ಆ ತಂಡಕ್ಕೆ 26, ಎದುರಾಳಿಗೆ 22. 24ರ ಮೇಲಿದ್ದರೆ ಧೈರ್ಯವಾಗಿ ಆಡಿಸಿ, 20ಕ್ಕಿಂತ ಕೆಳಗಿದ್ದರೆ ಬೇರೆಯವನನ್ನು ಹುಡುಕಿ. ನಂತರ ಹವಾಮಾನ ನೋಡಿ. ಮಳೆಗಿಂತ ಗಾಳಿ ಕೆಟ್ಟದ್ದು. ಗಂಟೆಗೆ 32 ಕಿಲೋಮೀಟರ್ ದಾಟಿದರೆ ದೂರದ ಪಾಸ್‌ಗಳು ದಾರಿ ತಪ್ಪುತ್ತವೆ, ಕೋಚ್‌ಗಳು ಓಟಕ್ಕೆ ಮೊರೆ ಹೋಗುತ್ತಾರೆ. ಕೊನೆಗೆ ಅವನ ಮುಂದೆ ನಿಂತು ಕಾಯುವ ಆಫೆನ್ಸಿವ್ ಲೈನ್‌ನಲ್ಲಿ ಗಾಯಗಳಿವೆಯೇ ನೋಡಿ. ಎಡ ಟ್ಯಾಕಲ್ (ಆ ಸಾಲಿನ ಎಡತುದಿಯ ಆಟಗಾರ) ಇಲ್ಲದ ತಂಡದ ಕ್ವಾರ್ಟರ್‌ಬ್ಯಾಕ್ ಎಷ್ಟೇ ಒಳ್ಳೆಯವನಾದರೂ ಆ ವಾರ ದೂರವಿಡಿ.

ಪ್ರಶ್ನೆ: ಲಮಾರ್ ಜಾಕ್ಸನ್ ನನ್ನ ಬಳಿ ಇದ್ದರೆ ಅವರ ತಂಡದ ಬದಲಿ ಕ್ವಾರ್ಟರ್‌ಬ್ಯಾಕ್‌ನನ್ನೇ ಹಿಡಿದಿಟ್ಟುಕೊಳ್ಳಬಹುದಲ್ಲವೇ? ರನ್ನಿಂಗ್ ಬ್ಯಾಕ್‌ಗಳಿಗೆ ಹಾಗೇ ಮಾಡುತ್ತೇವೆ.

ಉತ್ತರ: ರನ್ನಿಂಗ್ ಬ್ಯಾಕ್‌ಗೆ ಅದು ಫಲಿಸುವುದು, ಬದಲಿ ಆಟಗಾರನಿಗೂ ಅದೇ 15–18 ಓಟಗಳು ಸಿಗುವುದರಿಂದ. ಕ್ವಾರ್ಟರ್‌ಬ್ಯಾಕ್ ಬದಲಾದರೆ ಇಡೀ ತಂಡದ ಆಟವೇ ಬದಲಾಗುತ್ತದೆ. 2022ರ ಡಿಸೆಂಬರ್‌ನಲ್ಲಿ ಲಮಾರ್ ಮೊಣಕಾಲಿನ ಗಾಯದಿಂದ ಹೊರಗುಳಿದಾಗ ಟೈಲರ್ ಹಂಟ್ಲಿ ಆಡಿದರು. ಅವರೂ ಓಡಬಲ್ಲವರೇ. ಆದರೂ ಆ ಋತುವಿನಲ್ಲಿ ಅವರ ಪಾಸಿಂಗ್ ಟಚ್‌ಡೌನ್ ಬರೀ ಎರಡು. ಬರೋ ಬದಲಿಗೆ ಬಂದ ಜೇಕ್ ಬ್ರೌನಿಂಗ್ 2023ರ ಡಿಸೆಂಬರ್‌ನಲ್ಲಿ ಜಾಕ್ಸನ್‌ವಿಲ್ ವಿರುದ್ಧ 37ರಲ್ಲಿ 32 ಪಾಸ್ ತಲುಪಿಸಿ 354 ಯಾರ್ಡ್ ಗಳಿಸಿದ್ದೂ ಉಂಟು. ಆದರೆ ಅಲ್ಲಿಯವರೆಗೆ ಅವರು ವೇವರ್‌ನಲ್ಲೇ ಇದ್ದರು, ಬೇಕಾದವರು ಆಗಲೇ ತೆಗೆದುಕೊಳ್ಳಬಹುದಿತ್ತು. ಒಬ್ಬನೇ ಕ್ವಾರ್ಟರ್‌ಬ್ಯಾಕ್ ಆಡುವ ಲೀಗಿನಲ್ಲಿ ಇದಕ್ಕೆ ಜಾಗ ಕೊಡಬೇಡಿ.

ಪ್ರಶ್ನೆ: ಸೂಪರ್‌ಫ್ಲೆಕ್ಸ್ ಲೀಗಿಗೆ ಹೊಸದಾಗಿ ಸೇರಿದ್ದೇನೆ. ಅಲ್ಲೂ ಇದೇ ಮಾತೇ?

ಉತ್ತರ: ಇಲ್ಲ, ಅಲ್ಲಿ ಲೆಕ್ಕ ಪೂರ್ತಿ ತಲೆಕೆಳಗು. ಸೂಪರ್‌ಫ್ಲೆಕ್ಸ್ ಜಾಗದಲ್ಲಿ ಯಾರನ್ನು ಬೇಕಾದರೂ ಆಡಿಸಬಹುದಾದರೂ, ಕ್ವಾರ್ಟರ್‌ಬ್ಯಾಕ್‌ಗಳು ಉಳಿದವರಿಗಿಂತ ಹೆಚ್ಚು ಅಂಕ ತರುವುದರಿಂದ ಎಲ್ಲರೂ ಅಲ್ಲಿ ಎರಡನೇ ಕ್ವಾರ್ಟರ್‌ಬ್ಯಾಕ್‌ನನ್ನೇ ಹಾಕುತ್ತಾರೆ. ಹನ್ನೆರಡು ತಂಡಗಳಿಗೆ 24 ಮಂದಿ ಬೇಕು, ಇರುವವರು 32. ಮೂರನೆಯವನು ಬೇಕೆಂದರೆ ಹನ್ನೆರಡು ಮಂದಿಗೆ ಉಳಿಯುವುದು ಎಂಟೇ. ನಾಲ್ಕು ತಂಡಗಳಿಗೆ ಮೂರನೇ ಆರಂಭಿಕ ಕ್ವಾರ್ಟರ್‌ಬ್ಯಾಕ್ ಸಿಗುವುದೇ ಇಲ್ಲ. ಆರು ತಂಡಗಳ ಬಿಡುವಿನ ವಾರದಲ್ಲಿ 24 ಜಾಗಕ್ಕೆ 26 ಮಂದಿ. ವೇವರ್‌ನಲ್ಲಿ ಹುಡುಕಿದರೆ ಯಾರೂ ಇರುವುದಿಲ್ಲ.

ಆದ್ದರಿಂದ ಮೂವರನ್ನು ಡ್ರಾಫ್ಟ್‌ನಲ್ಲೇ ತೆಗೆದುಕೊಳ್ಳಿ. ಮೊದಲ ಮೂರು ಸುತ್ತಿನೊಳಗೆ ಒಬ್ಬ ಖಂಡಿತ, ಆರನೆಯದರೊಳಗೆ ಎರಡನೆಯವನು, ಹತ್ತನೆಯದರೊಳಗೆ ಮೂರನೆಯವನು. ಇಲ್ಲಿ ಬಿಡುವಿನ ವಾರ ಬಹಳ ಮುಖ್ಯ, ಮೂವರದ್ದೂ ಬೇರೆಬೇರೆ ಇರಲಿ. ಡ್ರಾಫ್ಟ್ ನಡೆಯುವಾಗ ಹಾಳೆಯ ಮೇಲೆ 32 ಹೆಸರು ಬರೆದಿಟ್ಟುಕೊಂಡು ಹೋದವರನ್ನು ಹೊಡೆದುಹಾಕುತ್ತಾ ಬನ್ನಿ. ಆರಂಭಿಕರು ಹತ್ತು ಮಂದಿ ಉಳಿದಾಗ ನಿಮ್ಮ ಬಳಿ ಇಬ್ಬರೇ ಇದ್ದರೆ ಮುಂದಿನ ಸರದಿಯನ್ನು ಅದಕ್ಕೇ ಕೊಡಿ. ಒಂದೆರಡು ಸುತ್ತು ತಡೆಯಿಲ್ಲದೆ ಕ್ವಾರ್ಟರ್‌ಬ್ಯಾಕ್‌ಗಳೇ ಹೋಗುವುದನ್ನು ಇಂಥ ಲೀಗ್‌ಗಳಲ್ಲಿ ಯಾವಾಗಲೂ ನೋಡುತ್ತೀರಿ. ಅದು ಶುರುವಾದ ಮೇಲೆ ಎಚ್ಚೆತ್ತರೆ ಉಪಯೋಗವಿಲ್ಲ.

ಮೂರನೆಯವನಾಗಿ ಹೊಸಬನನ್ನು ಆರಿಸುವುದಾದರೆ ಅವನು ಯಾವಾಗ ಆಡುತ್ತಾನೆಂದು ಯೋಚಿಸಿ. 2024ರ ಹೊಸಬರಲ್ಲಿ ಬೋ ನಿಕ್ಸ್ ಮೊದಲ ವಾರದಿಂದಲೇ ಆಡಿದರು, ಡ್ರೇಕ್ ಮೇ ಆರನೇ ವಾರ ಆರಂಭಿಸಿದರು, ಮೈಕಲ್ ಪೆನಿಕ್ಸ್ ಸರದಿ ಬಂದದ್ದು 16ನೇ ವಾರ. ಐದು ವಾರ ಕಾಯಬಹುದು, ಹದಿನೈದು ವಾರ ಕಾಯಲಾಗದು. ನಿಮ್ಮ ಇಬ್ಬರು ಆರಂಭಿಕರಲ್ಲಿ ಒಬ್ಬನ ಜಾಗ ಅಲುಗಾಡುತ್ತಿದ್ದರೆ ಅದೇ ತಂಡದ ಹೊಸಬನನ್ನು ಜೊತೆಗಿಟ್ಟುಕೊಳ್ಳುವುದು ಜಾಣತನ. ಆ ತಂಡದ ಕ್ವಾರ್ಟರ್‌ಬ್ಯಾಕ್ ಯಾರೇ ಆದರೂ ನಿಮ್ಮ ಬಳಿಯೇ ಇರುತ್ತಾನೆ. ಮೇಲಿನ ಪ್ರಶ್ನೆಯಲ್ಲಿ ಬೇಡ ಎಂದದ್ದಕ್ಕೆ ಇಲ್ಲಿ ಹೌದು ಎನ್ನುತ್ತಿದ್ದೇವೆ, ಕಾರಣ ಇಲ್ಲಿ ಉಳಿಯುವವರು ಎಂಟೇ ಮಂದಿ.

ಹತ್ತು ತಂಡಗಳ ಸೂಪರ್‌ಫ್ಲೆಕ್ಸ್ ಆದರೆ 20 ಹೋಗಿ 12 ಉಳಿಯುತ್ತವೆ, ಸ್ವಲ್ಪ ನಿಧಾನಿಸಬಹುದು. ಕಡ್ಡಾಯವಾಗಿ ಇಬ್ಬರು ಕ್ವಾರ್ಟರ್‌ಬ್ಯಾಕ್ ಆಡಿಸಲೇಬೇಕಾದ ಲೀಗಿನಲ್ಲಿ ಮಾತ್ರ ನಿಧಾನ ಬೇಡ. ಸೂಪರ್‌ಫ್ಲೆಕ್ಸ್‌ನಲ್ಲಾದರೆ ಬಿಡುವಿನ ವಾರ ಒಬ್ಬ ರಿಸೀವರ್‌ನನ್ನು ಹಾಕಿ ಏಳೆಂಟು ಅಂಕದ ನಷ್ಟದಲ್ಲಿ ಪಾರಾಗಬಹುದು. ಇಬ್ಬರು ಕಡ್ಡಾಯವಾದ ಲೀಗಿನಲ್ಲಿ ಆ ಜಾಗ ಖಾಲಿ ಉಳಿದು ಸೊನ್ನೆ ಬರುತ್ತದೆ.

ಪ್ರಶ್ನೆ: ಎರಡನೆಯವನನ್ನು ಇಟ್ಟುಕೊಂಡು ಮುಂದೆ ಟ್ರೇಡ್ ಮಾಡಿದರೆ ಲಾಭವಲ್ಲವೇ?

ಉತ್ತರ: ಒಬ್ಬನೇ ಆಡುವ ಲೀಗಿನಲ್ಲಿ ಕೊಳ್ಳುವವರು ಸಿಗುವುದಿಲ್ಲ. ಎಲ್ಲರ ಬಳಿಯೂ ಒಬ್ಬನಿದ್ದಾನೆ, ಹೊರಗೆ ಪುಕ್ಕಟೆಯಾಗಿ ಹದಿನೈದಿಪ್ಪತ್ತು ಮಂದಿ ಇದ್ದಾರೆ. ಯಾರದೋ ಕ್ವಾರ್ಟರ್‌ಬ್ಯಾಕ್‌ಗೆ ಗಾಯವಾದ ವಾರ ಒಂದು ಅವಕಾಶ ಬಂದೀತು, ಆಗಲೂ ಸಿಗುವುದು ಅವರ ಬೆಂಚಿನ ನಾಲ್ಕನೇ ರಿಸೀವರ್.

ಪ್ರಶ್ನೆ: ಬೆಸ್ಟ್ ಬಾಲ್‌ನಲ್ಲಿ?

ಉತ್ತರ: ಅಲ್ಲಿ ವೇವರ್ ಇಲ್ಲ, ಟ್ರೇಡ್ ಇಲ್ಲ, ಪ್ರತಿ ವಾರ ಹೆಚ್ಚು ಗಳಿಸಿದವನ ಅಂಕ ತಾನಾಗಿ ಸೇರುತ್ತದೆ. ಹಾಗಾಗಿ ಎರಡನೆಯವನು ಕಡ್ಡಾಯ. 18 ಸುತ್ತಿನ ಡ್ರಾಫ್ಟ್‌ನಲ್ಲಿ ಮೊದಲನೆಯವನು ಅಗ್ರಶ್ರೇಣಿಯವನಾದರೆ ಒಟ್ಟು ಇಬ್ಬರು, ಇಬ್ಬರನ್ನೂ ತಡವಾಗಿ ತೆಗೆದುಕೊಂಡಿದ್ದರೆ ಮೂವರು. ಇಬ್ಬರೇ ಇದ್ದಾಗ ಬಿಡುವಿನ ವಾರ ಒಂದೇ ಆಗದಂತೆ ನೋಡಿಕೊಳ್ಳಿ.

ಪ್ರಶ್ನೆ: ನನ್ನ ಕ್ವಾರ್ಟರ್‌ಬ್ಯಾಕ್ ಸೋಮವಾರ ರಾತ್ರಿ ಆಡುತ್ತಾನೆ, ಅವನ ಹೆಸರಿನ ಮುಂದೆ ‘ಕ್ವೆಶ್ಚನಬಲ್’ ಎಂದಿದೆ. ಭಾನುವಾರವೇ ಬೇರೆಯವನನ್ನು ಆಡಿಸಿಬಿಡಲೇ?

ಉತ್ತರ: ಮೊದಲು ಗಾಯದ ವರದಿಯ ಕ್ರಮ ತಿಳಿದಿರಲಿ. ಭಾನುವಾರದ ಪಂದ್ಯಗಳಿಗೆ ಆಟಗಾರರ ಅಂತಿಮ ಸ್ಥಿತಿ ಶುಕ್ರವಾರ ಪ್ರಕಟವಾಗುತ್ತದೆ, ಸೋಮವಾರದ ಪಂದ್ಯಕ್ಕೆ ಶನಿವಾರ. ‘ಔಟ್’ ಎಂದರೆ ಆಡುವುದಿಲ್ಲ, ‘ಡೌಟ್‌ಫುಲ್’ ಎಂದರೆ ಆಡುವ ಸಂಭವ ಕಡಿಮೆ, ‘ಕ್ವೆಶ್ಚನಬಲ್’ ಎಂದರೆ ಎರಡೂ ಆಗಬಹುದು. ಅಂದು ಯಾರು ಆಡುವುದಿಲ್ಲ ಎಂಬ ಕೊನೆಯ ಪಟ್ಟಿ ಬರುವುದು ಪಂದ್ಯಕ್ಕೆ 90 ನಿಮಿಷ ಮೊದಲು.

ಲೇಬಲ್‌ಗಿಂತ ಅಭ್ಯಾಸದ ವರದಿ ಹೆಚ್ಚು ಹೇಳುತ್ತದೆ. ವಾರದ ಕೊನೆಯ ಅಭ್ಯಾಸದಲ್ಲಿ ಪೂರ್ತಿ ಭಾಗವಹಿಸಿದ್ದರೆ ಸಾಮಾನ್ಯವಾಗಿ ಆಡುತ್ತಾನೆ. ಮೂರು ದಿನವೂ ಅಭ್ಯಾಸಕ್ಕೆ ಇಳಿಯದಿದ್ದರೆ ನಂಬಬೇಡಿ. ನಡುವಿನ ಸ್ಥಿತಿಯಲ್ಲಿದ್ದರೆ ಒಂದು ದಾರಿ ಇದೆ. ಅದೇ ಸೋಮವಾರದ ಪಂದ್ಯದ ಎದುರಾಳಿ ಕ್ವಾರ್ಟರ್‌ಬ್ಯಾಕ್ ನಿಮ್ಮ ಲೀಗಿನಲ್ಲಿ ಯಾರ ಬಳಿಯೂ ಇಲ್ಲದಿದ್ದರೆ ಅವನನ್ನು ಬೆಂಚಿಗೆ ತನ್ನಿ, ಇಲ್ಲದಿದ್ದರೆ ನಿಮ್ಮವನ ತಂಡದ ಬದಲಿಯನ್ನೇ ತನ್ನಿ. ಇದನ್ನು ಭಾನುವಾರದ ಮೊದಲ ಪಂದ್ಯ ಶುರುವಾಗುವುದರೊಳಗೆ ಮಾಡಿ. ಏಕೆಂದರೆ ಆಟಗಾರರು ತಮ್ಮ ತಮ್ಮ ಪಂದ್ಯ ಆರಂಭವಾದ ಕ್ಷಣ ಲಾಕ್ ಆಗುತ್ತಾರೆ, ನೀವು ಬಿಡಬೇಕೆಂದುಕೊಂಡ ಬೆಂಚಿನವನು ಲಾಕ್ ಆದರೆ ಸೋಮವಾರ ಸಂಜೆ ಯಾರನ್ನೂ ಸೇರಿಸಲಾಗದು. ಈ ಒಂದು ರಾತ್ರಿಯ ಮಟ್ಟಿಗೆ ಎರಡನೇ ಕ್ವಾರ್ಟರ್‌ಬ್ಯಾಕ್ ನಿಜವಾಗಿಯೂ ಬೇಕು. ಮಂಗಳವಾರ ಬಿಟ್ಟುಬಿಡಿ.

ಪ್ರಶ್ನೆ: ಪ್ಲೇಆಫ್ ಹೊತ್ತಿಗೂ ಒಬ್ಬನೇ ಸಾಕೇ?

ಉತ್ತರ: ಅಲ್ಲಿ ನಮ್ಮ ಅಭಿಪ್ರಾಯ ಬೇರೆ. 14ನೇ ವಾರ ಮುಗಿಯುವ ಹೊತ್ತಿಗೆ ಎಲ್ಲ ತಂಡಗಳ ಬಿಡುವು ಮುಗಿದಿರುತ್ತದೆ. ಬಿಡುವು ತುಂಬಲೆಂದು ಇಟ್ಟುಕೊಂಡ ಐದನೇ ರಿಸೀವರ್, ಎರಡನೇ ಟೈಟ್ ಎಂಡ್ (ಎದುರಾಳಿಯನ್ನು ತಡೆಯುತ್ತಲೇ ಪಾಸನ್ನೂ ಹಿಡಿಯುವ ಆಟಗಾರ) ಇನ್ನು ಬೇಡ. ಆ ಜಾಗದಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ತಂದು ಕೂರಿಸಿ. 15ರಿಂದ 17ನೇ ವಾರದವರೆಗೆ ಒಂದು ಸೋಲೆಂದರೆ ಋತು ಮುಗಿದಂತೆ, ಸರಿಪಡಿಸಿಕೊಳ್ಳಲು ಮುಂದಿನ ವಾರ ಇರುವುದಿಲ್ಲ. 2023ರ 14ನೇ ವಾರ ಡೆನ್ವರ್ ವಿರುದ್ಧ ಜಸ್ಟಿನ್ ಹರ್ಬರ್ಟ್ ಅವರ ಎಸೆಯುವ ಕೈಯ ತೋರುಬೆರಳು ಮುರಿದು ಅವರ ಋತು ಅಲ್ಲಿಗೇ ನಿಂತಿತು. ಮರುವಾರವೇ ಹೆಚ್ಚಿನ ಲೀಗ್‌ಗಳ ಪ್ಲೇಆಫ್.

ಆರಿಸುವಾಗ ಮೂರು ವಾರದ ವೇಳಾಪಟ್ಟಿಯನ್ನು ಒಟ್ಟಿಗೆ ನೋಡಿ. ಡೆಟ್ರಾಯಿಟ್, ಮಿನಿಯಾಪೊಲಿಸ್, ನ್ಯೂ ಆರ್ಲಿಯನ್ಸ್, ಲಾಸ್ ವೇಗಸ್‌ನಂಥ ಛಾವಣಿಯಿರುವ ಕ್ರೀಡಾಂಗಣಗಳಲ್ಲಿ ಆಡುವವನಿಗೆ ಡಿಸೆಂಬರ್ ಗಾಳಿಯ ಕಾಟವಿಲ್ಲ. ನಿಮ್ಮ ಮೊದಲ ಕ್ವಾರ್ಟರ್‌ಬ್ಯಾಕ್‌ನ ತಂಡ ಅಗ್ರಸ್ಥಾನವನ್ನು ಬೇಗ ಖಚಿತಪಡಿಸಿಕೊಳ್ಳುವಂತಿದ್ದರೆ ಕೊನೆಯಲ್ಲಿ ಅವನಿಗೆ ವಿಶ್ರಾಂತಿ ಕೊಟ್ಟಾರು, ಅದಕ್ಕೂ ಸಿದ್ಧರಿರಿ. ಎದುರಾಳಿಯ ಕ್ವಾರ್ಟರ್‌ಬ್ಯಾಕ್‌ಗೆ ಗಾಯವಾಗಿದ್ದರೆ ಹೊರಗಿರುವ ಅತ್ಯುತ್ತಮನನ್ನು ನೀವೇ ಎತ್ತಿಕೊಳ್ಳುವುದೂ ನಿಯಮದೊಳಗಿನ ಆಟವೇ.

ಡಿಸೆಂಬರ್‌ನಲ್ಲಿ ದಿನಗಳ ಮೇಲೂ ಕಣ್ಣಿರಲಿ. ಶನಿವಾರಗಳಂದೂ ಪಂದ್ಯಗಳಿರುತ್ತವೆ. 2024ರಲ್ಲಿ ಕ್ರಿಸ್‌ಮಸ್ ಬುಧವಾರ ಬಂದು, 17ನೇ ವಾರದ ಎರಡು ಪಂದ್ಯಗಳು ಅಂದೇ ನಡೆದವು: ಸ್ಟೀಲರ್ಸ್ ವಿರುದ್ಧ ಚೀಫ್ಸ್, ಟೆಕ್ಸನ್ಸ್ ವಿರುದ್ಧ ರೇವನ್ಸ್. ಹೆಚ್ಚಿನ ಲೀಗ್‌ಗಳಲ್ಲಿ ವೇವರ್ ತೆರೆಯುವುದೇ ಬುಧವಾರ ಬೆಳಿಗ್ಗೆ. ಫೈನಲ್ ಆಡುವವರಿಗೆ ಈ ನಾಲ್ಕು ತಂಡಗಳ ಕ್ವಾರ್ಟರ್‌ಬ್ಯಾಕ್ ಬಗ್ಗೆ ನಿರ್ಧರಿಸಲು ಉಳಿದದ್ದು ಕೆಲವೇ ಗಂಟೆ. ಹಾಗಾಗಿ 15ನೇ ವಾರಕ್ಕೆ ಮುಂಚೆಯೇ ಮೂರೂ ವಾರಗಳ ಪಂದ್ಯದ ದಿನಗಳನ್ನು ನೋಡಿ, ಬುಧವಾರ, ಗುರುವಾರ, ಶನಿವಾರ ಆಡುವವರ ಹೆಸರಿಗೆ ಗುರುತು ಹಾಕಿಕೊಳ್ಳಿ. ಎರಡನೆಯವನು ನಿಮ್ಮ ಮೊದಲನೆಯವನಿಗಿಂತ ತಡವಾಗಿ ಆಡುವವನಾಗಿದ್ದರೆ ಕೊನೆಯ ಕ್ಷಣದ ಬದಲಾವಣೆಗೂ ಅವಕಾಶ ಉಳಿಯುತ್ತದೆ.